ಇನ್ಸ್‌ಬ್ರುಕ್‌ನಲ್ಲಿ ನಾಲ್ಕು ರಾತ್ರಿ: ಒಂದು ಸಾಧಾರಣ ಕೋಣೆಯ ಆಯ್ಕೆ



ಬರುವ ಜೂನ್ ತಿಂಗಳಿನಲ್ಲಿ ನಾನೂ ನನ್ನ ಶ್ರೀಮತಿಯೂ ಆಸ್ಟ್ರಿಯಾ ದೇಶದ ಇನ್ಸ್‌ಬ್ರುಕ್ ನಗರದಲ್ಲಿ ನಾಲ್ಕು ರಾತ್ರಿ ತಂಗುವುದೆಂದು ನಿಶ್ಚಯವಾಗಿದೆ. ವಿಷಯ ತಿಳಿದ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ದೂರವಾಣಿ ಮಾಡಿ, ‘ಸರ್, ಈ ವಯಸ್ಸಿನಲ್ಲಿ ಎಲ್ಲವನ್ನೂ ನೀವೇ ಏರ್ಪಡಿಸಿಕೊಳ್ಳಬೇಕೇ? ಪ್ರವಾಸ ಸಂಸ್ಥೆಯವರ ಜೊತೆ ಹೋಗಬಾರದೇ?’ ಎಂದು ಕೇಳಿದರು. ಬಂಧುಗಳ ಪ್ರಶ್ನೆ ಇನ್ನೊಂದು ಬಗೆಯದು: ‘ಮಗ ಮ್ಯೂನಿಕ್‌ನಲ್ಲಿರುವಾಗ ನೀವು ಚಿಕ್ಕ ಹೋಟೆಲೊಂದರಲ್ಲಿ ಇಳಿದುಕೊಳ್ಳುವುದೇಕೆ?’ ಇಬ್ಬರಿಗೂ ಒಟ್ಟಿಗೆ ಉತ್ತರ ಕೊಡುವ ಉದ್ದೇಶದಿಂದ ಈ ಬರಹಕ್ಕೆ ಕುಳಿತಿದ್ದೇನೆ. ವಯಸ್ಸಾದ ತಂದೆತಾಯಿಗಳನ್ನು ಪ್ರವಾಸಕ್ಕೆ ಕಳುಹಿಸುವವರಿಗೂ ಇದರಿಂದ ಸ್ವಲ್ಪ ಉಪಯೋಗವಾದೀತು.

ಮೊದಲು ಊರಿನ ಪರಿಚಯ. ಇನ್ಸ್‌ಬ್ರುಕ್ ಎಂದರೆ ‘ಇನ್ ನದಿಯ ಸೇತುವೆ’ ಎಂದರ್ಥ. ಟೈರೋಲ್ ಪ್ರಾಂತದ ರಾಜಧಾನಿ. ಜನಸಂಖ್ಯೆ ಸುಮಾರು 1,30,000. ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿರುವ ಅಗಲವಾದ ಕಣಿವೆಯಲ್ಲಿ ಊರು ಹರಡಿಕೊಂಡಿದೆ. ಉತ್ತರಕ್ಕೆ ನೋರ್ಡ್‌ಕೆಟ್ಟೆ, ಅಂದರೆ ‘ಉತ್ತರದ ಸರಪಳಿ’ ಎಂಬ ಪರ್ವತಶ್ರೇಣಿ ಗೋಡೆಯಂತೆ ಎದ್ದು ನಿಂತಿದೆ. ದಕ್ಷಿಣಕ್ಕೆ ಬ್ರೆನ್ನರ್ ಕಣಿವೆದಾರಿ. ಸುಮಾರು 1,370 ಮೀಟರ್ ಎತ್ತರದ ಈ ಕಣಿವೆದಾರಿ ಆಲ್ಪ್ಸ್ ಪರ್ವತಗಳನ್ನು ದಾಟುವ ಮುಖ್ಯ ಹಾದಿಗಳಲ್ಲಿ ತೀರ ತಗ್ಗಾದುದು. ಆದಕಾರಣ ಜರ್ಮನಿಯಿಂದ ಇಟಲಿಗೆ ಹೋಗುವ ವರ್ತಕರು, ಯಾತ್ರಿಕರು, ಸೈನಿಕರು ಎಲ್ಲರೂ ಈ ಊರಿನ ಮೂಲಕವೇ ಹಾದು ಹೋಗುತ್ತಿದ್ದರು. 1867ರಲ್ಲಿ ಬ್ರೆನ್ನರ್ ಮೇಲೆ ರೈಲುಮಾರ್ಗವೂ ಬಂದಿತು. 1769ರ ಡಿಸೆಂಬರಿನಲ್ಲಿ ಹದಿಮೂರು ವರ್ಷದ ಬಾಲಕ ಮೊಜಾರ್ಟ್ ತಂದೆಯೊಡನೆ ಇಟಲಿಗೆ ಹೋಗುವಾಗ ಈ ಊರಿನ ಒಂದು ತಂಗುಮನೆಯಲ್ಲಿ ಇಳಿದಿದ್ದನು. ದಾರಿಹೋಕರಿಗೆ ಒಂದು ಹಾಸಿಗೆ, ಒಂದು ತುತ್ತು ಅನ್ನ ಒದಗಿಸುವುದು ಈ ಊರಿನ ಹಳೆಯ ಕಸುಬು. ಸಾಧಾರಣ ವಸತಿಯನ್ನು ಹುಡುಕುವವನಿಗೆ ಇಂತಹ ಊರು ಅನುಕೂಲವಾದುದೆಂದು ನನ್ನ ನಂಬಿಕೆ.

ಇನ್ನು ನಮ್ಮ ಸಂಗತಿ. ಮಗನ ಮನೆಯಲ್ಲಿ ಒಂದು ತಿಂಗಳು ಇರುವುದಕ್ಕಾಗಿ ಹೊರಟಿದ್ದೇವೆ. ಮ್ಯೂನಿಕ್‌ನಿಂದ ಇನ್ಸ್‌ಬ್ರುಕ್‌ಗೆ ನೇರ ರೈಲಿನಲ್ಲಿ ಎರಡು ಗಂಟೆಯೊಳಗೆ ತಲುಪಬಹುದು. ಮಗನು ತಾನೇ ಕಾರಿನಲ್ಲಿ ಕರೆದುಕೊಂಡು ಹೋಗಿ, ದೊಡ್ಡ ಹೋಟೆಲಿನಲ್ಲಿ ಒಂದು ರಾತ್ರಿ ಇಟ್ಟು, ಮರುದಿನ ವಾಪಸು ಕರೆತರುವುದಾಗಿ ಹೇಳಿದನು. ಅವನ ಮಾತಿನಲ್ಲಿ ಪ್ರೀತಿಯಿತ್ತು, ಅದರಲ್ಲಿ ಸಂದೇಹವಿಲ್ಲ. ಆದರೆ ನಲವತ್ತು ವರ್ಷಗಳ ಸಂಸಾರದಲ್ಲಿ ನಾವಿಬ್ಬರೇ ಒಂದು ಊರಿಗೆ ಹೋಗಿ, ಯಾರ ಅವಸರವೂ ಇಲ್ಲದೆ ನಾಲ್ಕು ದಿನ ಇದ್ದುದಿಲ್ಲ. ಹೋದಲ್ಲೆಲ್ಲ ಮದುವೆ, ಮುಂಜಿ, ಪರೀಕ್ಷಾ ಕರ್ತವ್ಯ, ಇಲ್ಲವೇ ಮಕ್ಕಳ ಪ್ರವೇಶದ ಕೆಲಸ. ಆದ್ದರಿಂದ ಈ ನಾಲ್ಕು ರಾತ್ರಿಗಳ ವೆಚ್ಚ ನಮ್ಮ ಪಿಂಚಣಿಯಿಂದಲೇ ಆಗಬೇಕು, ಏರ್ಪಾಡು ನಮ್ಮ ಕೈಯಿಂದಲೇ ಆಗಬೇಕು ಎಂದು ಶ್ರೀಮತಿ ಮೊದಲು ಹೇಳಿದಳು, ನಾನು ಒಪ್ಪಿದೆನು. ಹಾಗೆ ಒಪ್ಪಿದ ಕ್ಷಣದಲ್ಲಿಯೇ ಹೋಟೆಲು ಸಾಧಾರಣದ್ದಾಗಿರಬೇಕೆಂಬುದೂ ತೀರ್ಮಾನವಾದಂತಾಯಿತು.

ದಿನಾಂಕವನ್ನು ಗೊತ್ತುಮಾಡಿದ ಬಗೆಯನ್ನು ಹೇಳುತ್ತೇನೆ. ಶ್ರೀಮತಿಗೆ ಆಸೆ ಎರಡು: ಒಂದು, ಹಿಮವನ್ನು ಕೈಯಿಂದ ಮುಟ್ಟುವುದು; ಇನ್ನೊಂದು, ಬೆಟ್ಟದ ಮೇಲಿನ ಬೆಂಕಿಯನ್ನು ನೋಡುವುದು. ಈ ಎರಡನೆಯದಕ್ಕೆ ವಿವರಣೆ ಬೇಕು. 1796ರಲ್ಲಿ ನೆಪೋಲಿಯನ್ನನ ಸೈನ್ಯವು ಸಮೀಪಿಸುತ್ತಿದ್ದಾಗ ಟೈರೋಲಿನ ಪ್ರತಿನಿಧಿಗಳು ಬೋಲ್ಜಾನೋ ಪಟ್ಟಣದಲ್ಲಿ ಸೇರಿ, ತಮ್ಮ ನಾಡನ್ನು ಯೇಸುವಿನ ಪವಿತ್ರ ಹೃದಯದ ರಕ್ಷಣೆಗೆ ಒಪ್ಪಿಸಿ ಪ್ರತಿಜ್ಞೆ ಮಾಡಿದರು. ಅದರ ನೆನಪಿಗಾಗಿ ಪ್ರತಿವರ್ಷ ಪವಿತ್ರ ಹೃದಯದ ಭಾನುವಾರದ ಸಂಜೆ ಬೆಟ್ಟಗಳ ಇಳಿಜಾರುಗಳಲ್ಲಿ, ಶಿಖರಗಳ ಅಂಚಿನಲ್ಲಿ ಸಾಲುಸಾಲಾಗಿ ಬೆಂಕಿ ಹೊತ್ತಿಸುತ್ತಾರೆ. ಕೆಳಗಿನ ಊರಿನಿಂದ ನೋಡುವವರಿಗೆ ಕತ್ತಲ ಪರ್ವತದ ಮೇಲೆ ದೀಪಗಳ ಸಾಲು ಕಾಣುತ್ತದೆ. ಈ ಹಬ್ಬದ ದಿನ ನಮ್ಮ ಹಬ್ಬಗಳಂತೆಯೇ ವರ್ಷವರ್ಷಕ್ಕೂ ಬದಲಾಗುತ್ತದೆ. ಈಸ್ಟರ್ ಹಬ್ಬದಿಂದ ಎಣಿಸಿ ಎಪ್ಪತ್ತನೆಯ ದಿನದ ಭಾನುವಾರ ಎಂದು ಲೆಕ್ಕ ಹಾಕಿಕೊಳ್ಳಬೇಕು. ಸಾಮಾನ್ಯವಾಗಿ ಜೂನ್ ತಿಂಗಳಿನಲ್ಲಿ ಬೀಳುತ್ತದೆ. ಬೆಂಕಿ ಹೊತ್ತಿಸುವ ದಿನವು ಊರಿಂದ ಊರಿಗೆ ಹಿಂದುಮುಂದಾಗುವುದುಂಟು. ಮಳೆ ಗಾಳಿ ಜೋರಾದರೆ ನಡೆಯದೆಯೂ ಹೋಗಬಹುದು. ಅದಕ್ಕಾಗಿಯೇ ಒಂದು ರಾತ್ರಿಯ ಬದಲು ನಾಲ್ಕು ರಾತ್ರಿ, ಭಾನುವಾರವು ನಡುವೆ ಬರುವಂತೆ.

ಹಿಮದ ವಿಷಯ: ನಗರದಲ್ಲಿ ಜೂನ್ ಎಂದರೆ ಬೇಸಿಗೆ. ಆದರೆ ನೋರ್ಡ್‌ಕೆಟ್ಟೆಯ ಮೇಲ್ಭಾಗದ ನೆರಳಿನ ಕಮರಿಗಳಲ್ಲಿ ತಿಂಗಳ ಮೊದಲ ವಾರಗಳಲ್ಲಿ ಹಿಮದ ತುಂಡುಗಳು ಉಳಿದಿರುವುದುಂಟು. ಅದೂ ಸಿಗದಿದ್ದರೆ ಸಮೀಪದ ಶ್ಟೂಬಾಯ್ ಕಣಿವೆಯ ಹಿಮನದಿಯ ಮೇಲೆ ವರ್ಷವಿಡೀ ಹಿಮವಿರುತ್ತದೆ. ಇಲ್ಲಿ ಒಂದು ಎಚ್ಚರಿಕೆ. ಚಳಿಗಾಲ ಮತ್ತು ಬೇಸಿಗೆಯ ನಡುವೆ, ಹಾಗೆಯೇ ಶರತ್ಕಾಲದ ಕೊನೆಗೆ, ಕೇಬಲ್ ಕಾರುಗಳನ್ನು ದುರಸ್ತಿಗಾಗಿ ಕೆಲವು ದಿನ ನಿಲ್ಲಿಸುತ್ತಾರೆ. ಕೋಣೆಯನ್ನು ಕಾಯ್ದಿರಿಸುವ ಮೊದಲೇ ಆ ದಿನಾಂಕಗಳನ್ನು ನೋಡಿಕೊಳ್ಳಬೇಕು. ಅಲ್ಲಿಗೆ ಹೋಗಿ ಬೆಟ್ಟದ ಬುಡದಲ್ಲಿ ಮುಚ್ಚಿದ ಬಾಗಿಲನ್ನು ನೋಡಿ ಬರುವುದಕ್ಕೆ ಯಾರೂ ಹಣ ಕೊಡುವುದಿಲ್ಲವಷ್ಟೆ.

ಕಾಗದಪತ್ರಗಳ ವಿಚಾರವನ್ನೂ ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಜರ್ಮನಿ, ಆಸ್ಟ್ರಿಯಾ ಎರಡೂ ಷೆಂಗೆನ್ ಒಪ್ಪಂದದ ದೇಶಗಳು. ಹೆಚ್ಚು ದಿನ ಎಲ್ಲಿ ಇರುವೆವೋ ಆ ದೇಶಕ್ಕೆ ವೀಸಾ ಅರ್ಜಿ ಹಾಕಬೇಕು. ನಮ್ಮ ಪಾಲಿಗೆ ಅದು ಜರ್ಮನಿ. ಅದೇ ವೀಸಾ ಆಸ್ಟ್ರಿಯಾಕ್ಕೂ ಸಲ್ಲುತ್ತದೆ. 2024ರ ಜೂನ್‌ನಿಂದ ವಯಸ್ಕರಿಗೆ ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಹದಿನೈದು ದಿನಗಳಿಗಿಂತ ತಡಮಾಡುವಂತಿಲ್ಲ. ಎಲ್ಲ ರಾತ್ರಿಗಳಿಗೂ ವಸತಿಯ ದಾಖಲೆ ಬೇಕಾದುದರಿಂದ ಇನ್ಸ್‌ಬ್ರುಕ್‌ನ ನಾಲ್ಕು ರಾತ್ರಿಗಳ ಕಾಯ್ದಿರಿಸುವಿಕೆಯನ್ನೂ ಅರ್ಜಿಯೊಡನೆ ಲಗತ್ತಿಸಬೇಕು. ವೀಸಾ ದೊರೆಯದೆ ಹೋದರೆ ಹಣ ಮುಳುಗದಂತೆ, ರದ್ದುಮಾಡಿದರೆ ಪೂರ್ತಿ ಹಿಂತಿರುಗಿಸುವ ಷರತ್ತಿನ ಕೋಣೆಯನ್ನೇ ಆರಿಸಬೇಕು. ಅದಕ್ಕೆ ಬಾಡಿಗೆ ಸ್ವಲ್ಪ ಹೆಚ್ಚು, ಆದರೆ ಮನಸ್ಸಿಗೆ ನೆಮ್ಮದಿ. ರೈಲಿನಲ್ಲಿ ಗಡಿ ದಾಟುವಾಗ ತಪಾಸಣೆ ನಡೆಯಬಹುದಾದುದರಿಂದ ಪಾಸ್‌ಪೋರ್ಟನ್ನು ಮಗನ ಮನೆಯಲ್ಲಿ ಬಿಟ್ಟುಹೋಗಬಾರದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹಲವು ದಿನ ಗಣಕಯಂತ್ರದ ಮುಂದೆ ಕುಳಿತು ಹುಡುಕಿದ ಮೇಲೆ ನಮ್ಮ ಶಕ್ತಿಗೆ ನಿಲುಕುವ ಎರಡು ಕೋಣೆಗಳು ಉಳಿದವು. ಎರಡರ ಬಾಡಿಗೆಯೂ ಹೆಚ್ಚುಕಡಿಮೆ ಒಂದೇ.

ಮೊದಲನೆಯದು ಹಳೆಯ ಪಟ್ಟಣದೊಳಗೆ. ಐನೂರು ವರ್ಷಗಳ ಹಿಂದೆ ಚಕ್ರವರ್ತಿ ಒಂದನೆಯ ಮ್ಯಾಕ್ಸಿಮಿಲಿಯನ್ ಕಟ್ಟಿಸಿದ, 2,657 ಚಿನ್ನದ ಮುಲಾಮಿನ ತಾಮ್ರದ ಹೆಂಚುಗಳ ‘ಚಿನ್ನದ ಮಾಡು’ ಅಲ್ಲಿಂದ ನಾಲ್ಕು ಹೆಜ್ಜೆ. ಕೋಣೆ ಮೂರನೆಯ ಮಹಡಿಯಲ್ಲಿ, ಕಿಟಕಿ ಉತ್ತರಕ್ಕೆ. ಚಿತ್ರದಲ್ಲಿ ಕಿಟಕಿಯ ತುಂಬ ನೋರ್ಡ್‌ಕೆಟ್ಟೆಯೇ ಇತ್ತು. ಆ ಕಿಟಕಿಯಲ್ಲಿ ಕುಳಿತರೆ ಬೆಟ್ಟದ ಬೆಂಕಿಯ ಸಾಲು ಹಾಸಿಗೆಯಿಂದಲೇ ಕಾಣಬಹುದಾಗಿತ್ತು. ಎರಡನೆಯದು ರೈಲು ನಿಲ್ದಾಣದ ಹತ್ತಿರ, ಇತ್ತೀಚಿನ ಕಟ್ಟಡದಲ್ಲಿ. ಕೋಣೆ ಚಿಕ್ಕದು, ಕಿಟಕಿ ಹಿಂದಿನ ಅಂಗಳಕ್ಕೆ, ಎದುರಿಗೆ ಇನ್ನೊಂದು ಮನೆಯ ಗೋಡೆ. ಚಿತ್ರವನ್ನು ನೋಡಿದರೆ ಯಾರಿಗೂ ಉತ್ಸಾಹ ಬರುವಂತಿರಲಿಲ್ಲ.

ನಾನು ಎರಡೂ ಕಡೆಗೆ ಸರಳವಾದ ಇಂಗ್ಲಿಷಿನಲ್ಲಿ ಪತ್ರ ಬರೆದೆನು. ಅದರಲ್ಲಿ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಕೊಡುತ್ತೇನೆ, ಯಾರಿಗಾದರೂ ಬೇಕಾಗಬಹುದು. ಲಿಫ್ಟ್ ಇದೆಯೇ? ಬೀದಿಯಿಂದ ಲಿಫ್ಟಿನವರೆಗೆ ಎಷ್ಟು ಮೆಟ್ಟಿಲುಗಳಿವೆ? ಸ್ನಾನದ ಮನೆ ಕೋಣೆಯೊಳಗೇ ಇದೆಯೇ, ಓಣಿಯಲ್ಲಿದೆಯೇ? ಸ್ನಾನಕ್ಕೆ ತೊಟ್ಟಿಯ ಅಂಚನ್ನು ದಾಟಬೇಕೇ? ನೀರು ಕಾಯಿಸುವ ಪಾತ್ರೆ ಇದೆಯೇ? ಬೆಳಗಿನ ಉಪಾಹಾರ ಬಾಡಿಗೆಯಲ್ಲಿ ಸೇರಿದೆಯೇ? ನಗರಕ್ಕೆ ಸಲ್ಲಬೇಕಾದ ತಂಗುತೆರಿಗೆ ಪ್ರತ್ಯೇಕವೇ? ರಾತ್ರಿ ಎಷ್ಟು ಗಂಟೆಯವರೆಗೆ ಸ್ವಾಗತದ ಮೇಜಿನ ಬಳಿ ಜನರಿರುತ್ತಾರೆ? ಈ ಕೊನೆಯ ಪ್ರಶ್ನೆ ಅವಶ್ಯವಾದುದು. ಸಣ್ಣ ಹೋಟೆಲುಗಳಲ್ಲಿ ರಾತ್ರಿಯಿಡೀ ಕಾವಲಿಗೆ ಯಾರೂ ಇರುವುದಿಲ್ಲ. ಕೀಲಿಯನ್ನೋ ಬಾಗಿಲಿನ ಸಂಖ್ಯೆಯನ್ನೋ ಮೊದಲೇ ಪಡೆದುಕೊಂಡಿರಬೇಕು.

ಎರಡೂ ಕಡೆಯಿಂದ ಮರುದಿನವೇ ಸೌಜನ್ಯದ ಉತ್ತರ ಬಂದಿತು. ಹಳೆಯ ಪಟ್ಟಣದವರು ಯಾವುದನ್ನೂ ಮುಚ್ಚಿಡದೆ ಬರೆದಿದ್ದರು: ‘ಲಿಫ್ಟ್ ಇಲ್ಲ. ಐವತ್ತನಾಲ್ಕು ಮೆಟ್ಟಿಲುಗಳು.’ ನಿಲ್ದಾಣದ ಬಳಿಯವರು: ‘ಲಿಫ್ಟ್ ಇದೆ. ಬೀದಿಯಿಂದ ಲಿಫ್ಟಿಗೆ ಮೆಟ್ಟಿಲುಗಳಿಲ್ಲ.’

ಶ್ರೀಮತಿ ಎರಡು ಪತ್ರಗಳನ್ನೂ ಓದಿ, ‘ಕಿಟಕಿಯ ಕೋಣೆಯೇ ಇರಲಿ. ಐವತ್ತನಾಲ್ಕು ಏನು ಮಹಾ, ನಿಧಾನವಾಗಿ ಹತ್ತೋಣ’ ಎಂದಳು. ಆದರೆ ಗಣಿತ ಹೇಳಿಕೊಟ್ಟವನಿಗೆ ಲೆಕ್ಕ ಮಾಡದೆ ಸಮಾಧಾನವಾಗುವುದಿಲ್ಲ. ಹೊರಗೆ ಹೋಗಿ ಬರುವುದು ದಿನಕ್ಕೆ ಒಂದು ಸಲವಲ್ಲ. ಬೆಳಿಗ್ಗೆ, ಮಧ್ಯಾಹ್ನ ವಿಶ್ರಾಂತಿಗೆ, ಸಂಜೆ ಎಂದು ಮೂರು ಸಲ. ದಿನಕ್ಕೆ ನೂರ ಅರವತ್ತೆರಡು ಮೆಟ್ಟಿಲು ಹತ್ತುವುದು, ಅಷ್ಟೇ ಇಳಿಯುವುದು. ಲೆಕ್ಕವನ್ನು ಕಾಗದದ ಮೇಲೆ ಬಿಡದೆ ಪ್ರಯೋಗ ಮಾಡಿ ನೋಡೋಣವೆಂದೆನು. ನಮ್ಮ ಮನೆಯ ತಾರಸಿಗೆ ಹದಿನೆಂಟು ಮೆಟ್ಟಿಲು. ಮೂರು ಸಲ ಹತ್ತಿದರೆ ಸರಿಯಾಗಿ ಐವತ್ತನಾಲ್ಕು.

ಮೊದಲನೆಯ ಸಲ ಇಬ್ಬರೂ ಮಾತನಾಡುತ್ತ ಹತ್ತಿ ಇಳಿದೆವು. ಎರಡನೆಯ ಸಲ ಇಳಿಯುವಾಗ ಆಕೆ ನಡುವೆ ಗೋಡೆಯನ್ನು ಹಿಡಿದು ನಿಂತಳು. ಮುಖದ ಮೇಲೆ ನಗುವಿತ್ತು, ಕಾಲು ಮಾತ್ರ ಮುಂದಿನ ಮೆಟ್ಟಿಲಿಗೆ ಹೋಗುತ್ತಿರಲಿಲ್ಲ. ಅಲ್ಲಿಯೇ ಕುಳಿತೆವು. ಸ್ವಲ್ಪ ಹೊತ್ತಿನ ಮೇಲೆ ಆಕೆ ಹೇಳಿದಳು: ‘ಹತ್ತುವುದಕ್ಕೆ ಆಗುತ್ತದೆ. ಇಳಿಯುವುದಕ್ಕೇ ಆಗುವುದಿಲ್ಲ. ಆರು ತಿಂಗಳಿಂದ ಹೀಗೆ. ಹೇಳಿದ್ದರೆ ನೀವೂ ಮಗನೂ ಸೇರಿ ಪ್ರಯಾಣವನ್ನೇ ಬಿಡಿಸುತ್ತಿದ್ದಿರಿ.’

ನನಗೆ ತಕ್ಷಣ ಮಾತು ಹೊರಡಲಿಲ್ಲ. ಆರು ತಿಂಗಳು ಆಕೆ ಬಟ್ಟೆ ಒಣಗಿಸುವುದಕ್ಕೆ ತಾರಸಿಗೆ ಹೋಗುವುದನ್ನು ಬಿಟ್ಟು ಹಿತ್ತಲಿನಲ್ಲಿ ಹಗ್ಗ ಕಟ್ಟಿಸಿದ್ದಳು. ದೇವಸ್ಥಾನಕ್ಕೆ ಹೋದರೆ ಮೆಟ್ಟಿಲಿಲ್ಲದ ಪಕ್ಕದ ಬಾಗಿಲಿನಿಂದ ಬರುತ್ತಿದ್ದಳು. ಅವೆಲ್ಲಕ್ಕೂ ಬೇರೆ ಬೇರೆ ಕಾರಣಗಳನ್ನು ಹೇಳಿದ್ದಳು. ಹೋಟೆಲಿನವರ ಒಂದು ಸಾಲಿನ ಉತ್ತರದಿಂದ ಆ ಕಾರಣಗಳೆಲ್ಲ ಕಳಚಿಬಿದ್ದವು. ಆಕೆಗಿದ್ದ ಭಯ ನೋವಿನದಲ್ಲ. ನೋವನ್ನು ಹೇಳಿದರೆ ತನ್ನ ಪರವಾಗಿ ಬೇರೆಯವರು ತೀರ್ಮಾನ ಮಾಡಿಬಿಡುತ್ತಾರೆಂಬ ಭಯ. ನಮ್ಮ ವಯಸ್ಸಿನ ಎಷ್ಟು ಜನ ಹೀಗೆ ಬಾಯಿ ಮುಚ್ಚಿಕೊಂಡಿದ್ದಾರೋ!

ಮೂಳೆಯ ವೈದ್ಯರ ಬಳಿಗೆ ಹೋದೆವು. ಅವರು ಮೊಣಕಾಲಿನ ಚಿತ್ರ ತೆಗೆಸಿ ನೋಡಿ, ಇಳಿಯುವಾಗ ಮೊಣಕಾಲಿನ ಮೇಲೆ ಭಾರ ಹೆಚ್ಚು ಬೀಳುವುದರಿಂದ ಹೀಗಾಗುತ್ತದೆ ಎಂದು ವಿವರಿಸಿದರು. ಮೆಟ್ಟಿಲುಗಳನ್ನು ಆದಷ್ಟು ತಪ್ಪಿಸಿ, ಕೈಯಲ್ಲಿ ಕೋಲು ಹಿಡಿದು, ಸಮತಟ್ಟಾದ ಕಡೆ ನಡೆಯುವುದಕ್ಕೆ ಅಡ್ಡಿಯಿಲ್ಲ. ಪ್ರಯಾಣ ನಿಲ್ಲಿಸುವ ಕಾರಣವೇ ಇಲ್ಲ ಎಂದರು. ಆಸ್ಪತ್ರೆಯಿಂದ ಹೊರಗೆ ಬಂದಾಗ ಆಕೆಯ ನಡಿಗೆಯಲ್ಲಿ ಬದಲಾವಣೆ ಏನೂ ಇರಲಿಲ್ಲ. ಆದರೆ ಮಾತಿನಲ್ಲಿ ಇತ್ತು. ದಾರಿಯುದ್ದಕ್ಕೂ ಇನ್ಸ್‌ಬ್ರುಕ್ ವಿಚಾರವನ್ನೇ ಮಾತನಾಡಿದಳು.

ಆ ಸಂಜೆಯೇ ಅಂಗಳದ ಕಡೆಯ ಕೋಣೆಯನ್ನು ಕಾಯ್ದಿರಿಸಿದೆವು. ಕಿಟಕಿಯನ್ನು ಬಿಟ್ಟುಕೊಟ್ಟೆವೆಂದು ನಮಗೆ ವ್ಯಸನವಿಲ್ಲ. ಇನ್ಸ್‌ಬ್ರುಕ್‌ನಲ್ಲಿ ಪರ್ವತವನ್ನು ನೋಡುವುದಕ್ಕೆ ಬಾಡಿಗೆಯ ಕಿಟಕಿ ಬೇಕಿಲ್ಲ. ಮಾರಿಯಾ ತೆರೇಸಾ ಬೀದಿಯಲ್ಲಿ ನಿಂತು ಉತ್ತರಕ್ಕೆ ಮುಖ ಮಾಡಿದರೆ, 1706ರಲ್ಲಿ ನಿಲ್ಲಿಸಿದ ಸಂತ ಅನ್ನಾಳ ಸ್ತಂಭದ ಹಿಂದೆ ನೋರ್ಡ್‌ಕೆಟ್ಟೆಯು ಬೀದಿಯ ಕೊನೆಯನ್ನೇ ಮುಚ್ಚಿದಂತೆ ನಿಂತಿರುತ್ತದೆ. ಆ ಬೀದಿ ಸಮತಟ್ಟಾದುದು, ಕಾಲ್ನಡಿಗೆಯವರದು. ಅಲ್ಲಿಂದ ಹಳೆಯ ಪಟ್ಟಣದ ಕಮಾನುಗಳ ಕೆಳಗೆ ನಡೆದು ಇನ್ ನದಿಯ ಸೇತುವೆಯನ್ನು ತಲುಪಬಹುದು. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಮೇಲೆ. ಹಬ್ಬದ ಸಂಜೆ ಊಟ ಮುಗಿಸಿ, ನಿಧಾನವಾಗಿ ಸೇತುವೆಗೆ ಬಂದು ನಿಂತರೆ, ಕತ್ತಲಾಗುತ್ತಿದ್ದಂತೆ ಬೆಟ್ಟದ ಮೇಲೆ ಬೆಂಕಿ ಕಾಣಬೇಕು. ಮೆಟ್ಟಿಲುಗಳಲ್ಲಿ ಖರ್ಚಾಗಬೇಕಿದ್ದ ಶಕ್ತಿಯನ್ನು ಆ ಸಂಜೆಗೆಂದು ಉಳಿಸಿಟ್ಟುಕೊಂಡಿದ್ದೇವೆ.

ನನ್ನ ಸ್ವಂತ ಆಸೆಯನ್ನೂ ಹೇಳಬೇಕಷ್ಟೆ. ವಿಜ್ಞಾನದ ತರಗತಿಯಲ್ಲಿ ನನ್ನಿಂದ ವಿಕ್ಟರ್ ಹೆಸ್ ಎಂಬ ಹೆಸರನ್ನು ಕೇಳಿದವರು ಕೆಲವರಾದರೂ ಇರಬಹುದು. 1912ರಲ್ಲಿ ಬಲೂನಿನಲ್ಲಿ ಐದು ಸಾವಿರ ಮೀಟರಿಗೂ ಮೇಲೆ ಏರಿ, ಎತ್ತರಕ್ಕೆ ಹೋದಂತೆ ವಿಕಿರಣ ಹೆಚ್ಚುವುದನ್ನು ಅಳೆದು, ಅದು ಭೂಮಿಯ ಹೊರಗಿನಿಂದ ಬರುತ್ತಿದೆಯೆಂದು ತೋರಿಸಿದ ವಿಜ್ಞಾನಿ. ವಿಶ್ವಕಿರಣಗಳ ಈ ಶೋಧಕ್ಕಾಗಿ 1936ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. 1931ರಲ್ಲಿ ಇನ್ಸ್‌ಬ್ರುಕ್ ವಿಶ್ವವಿದ್ಯಾಲಯಕ್ಕೆ ಬಂದು, ನೋರ್ಡ್‌ಕೆಟ್ಟೆಯ ಹಾಫೆಲೆಕಾರ್‌ನಲ್ಲಿ ಸುಮಾರು 2,300 ಮೀಟರ್ ಎತ್ತರದಲ್ಲಿ ಒಂದು ವೀಕ್ಷಣಾ ನೆಲೆಯನ್ನು ಸ್ಥಾಪಿಸಿದರು. ಕಪ್ಪು ಹಲಗೆಯ ಮೇಲೆ ಎಷ್ಟೋ ಸಲ ಬರೆದ ಆ ಸಂಗತಿಯ ನೆಲವನ್ನು ಒಮ್ಮೆ ನೋಡಬೇಕು.

ಅದಕ್ಕೆ ಪರ್ವತಾರೋಹಣ ಬೇಕಿಲ್ಲ. ನಗರದ ನಡುವಿನಿಂದಲೇ ಜಹಾ ಹದೀದ್ ವಿನ್ಯಾಸಗೊಳಿಸಿದ, 2007ರ ಡಿಸೆಂಬರಿನಲ್ಲಿ ತೆರೆದ ನಿಲ್ದಾಣಗಳಿಂದ ಹಂಗರ್‌ಬುರ್ಗ್‌ಗೆ ಹಗ್ಗದ ರೈಲು ಹೊರಡುತ್ತದೆ. ಅಲ್ಲಿಂದ ಕೇಬಲ್ ಕಾರಿನಲ್ಲಿ 1,905 ಮೀಟರ್ ಎತ್ತರದ ಜೇಗ್ರೂಬೆ. ಇನ್ನೊಂದರಲ್ಲಿ 2,256 ಮೀಟರ್ ಎತ್ತರದ ಹಾಫೆಲೆಕಾರ್ ನಿಲ್ದಾಣ. ಜೇಗ್ರೂಬೆಯು ನಮ್ಮ ಮುಳ್ಳಯ್ಯನಗಿರಿಯ ತುದಿಗೆ ಹೆಚ್ಚುಕಡಿಮೆ ಸಮ. ಮೇಲಿನ ನಿಲ್ದಾಣದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಪಾಲಿನಷ್ಟು ಮಾತ್ರ. ಕೆಲವೇ ನಿಮಿಷಗಳಲ್ಲಿ ಅಷ್ಟು ಎತ್ತರಕ್ಕೆ ಏರುವುದರಿಂದ ನನ್ನ ರಕ್ತದೊತ್ತಡದ ವಿಚಾರವಾಗಿ ವೈದ್ಯರ ಅಭಿಪ್ರಾಯವನ್ನೂ ಕೇಳಿದ್ದೇನೆ. ಜೇಗ್ರೂಬೆಯಲ್ಲಿ ಅರ್ಧ ಗಂಟೆ ಕುಳಿತು, ಚೆನ್ನಾಗಿದ್ದರೆ ಮಾತ್ರ ಮುಂದೆ ಹೋಗುವುದೆಂದು ನಮ್ಮ ಒಪ್ಪಂದ. ಮೋಡ ಮುಸುಕಿದ ದಿನ ಮೇಲೆ ಹೋಗುವುದಿಲ್ಲ. ನಾಲ್ಕು ದಿನಗಳಲ್ಲಿ ಯಾವುದು ತಿಳಿಯಾಗಿರುವುದೋ ಅದು ಬೆಟ್ಟದ ದಿನ. ಮಳೆಯ ದಿನಕ್ಕೆ ಹೋಫ್‌ಕಿರ್ಖೆ ಎಂಬ ಚರ್ಚು ಇದೆ. ಅಲ್ಲಿ ಮ್ಯಾಕ್ಸಿಮಿಲಿಯನ್ನನ ಸ್ಮಾರಕದ ಸುತ್ತ ಇಪ್ಪತ್ತೆಂಟು ಕಂಚಿನ ಮೂರ್ತಿಗಳು ಕಾವಲು ನಿಂತಿವೆ. ಚಕ್ರವರ್ತಿಯ ದೇಹ ಮಾತ್ರ ಅಲ್ಲಿಲ್ಲ, ದೂರದ ವೀನರ್ ನಾಯ್‌ಷ್ಟಾಟ್‌ನಲ್ಲಿದೆ. ಎರಡು ಯೋಜನೆಗಿಂತ ಹೆಚ್ಚು ನಾವು ಹಾಕಿಕೊಂಡಿಲ್ಲ.

ಊಟದ ಬಗ್ಗೆ ಅಕ್ಕತಂಗಿಯರು ಚಿಂತಿಸುವುದು ಬೇಡ. ಬೆಳಿಗ್ಗೆ ಬ್ರೆಡ್ಡು, ಬೆಣ್ಣೆ, ಗಿಣ್ಣು, ಜಾಮು, ಹಣ್ಣು ಹೋಟೆಲಿನಲ್ಲಿಯೇ ದೊರೆಯುತ್ತವೆ. ನಲ್ಲಿಯ ನೀರು ನೋರ್ಡ್‌ಕೆಟ್ಟೆಯ ಬುಗ್ಗೆಗಳದು, ಹಾಗೆಯೇ ಕುಡಿಯಬಹುದು. ಭಾನುವಾರ ಆ ದೇಶದಲ್ಲಿ ಅಂಗಡಿಗಳು ಮುಚ್ಚಿರುವುದರಿಂದ ಶನಿವಾರವೇ ಮೊಸರು, ಹಣ್ಣು ತಂದಿಟ್ಟುಕೊಳ್ಳಬೇಕು. ರೈಲು ನಿಲ್ದಾಣದೊಳಗಿನ ಅಂಗಡಿ ಮಾತ್ರ ಸಾಮಾನ್ಯವಾಗಿ ತೆರೆದಿರುತ್ತದೆ, ಅದು ನಮ್ಮ ಕೋಣೆಗೆ ಹತ್ತಿರ. ನೀರು ಕಾಯಿಸುವ ಪಾತ್ರೆ ಇದೆಯೆಂದು ಅವರು ಬರೆದಿರುವುದರಿಂದ ಅವಲಕ್ಕಿ, ಚಟ್ನಿಪುಡಿ, ಕಾಫಿಪುಡಿ ನಮ್ಮ ಚೀಲದಲ್ಲಿರುತ್ತವೆ. ಎರಡು ದಿನ ಹೊರಗೆ ಅಲ್ಲಿನ ಗಿಣ್ಣಿನ ಊಟವನ್ನೂ ರುಚಿ ನೋಡುವವರಿದ್ದೇವೆ. ಮೊಟ್ಟೆ ತಿನ್ನದವರು ಅಲ್ಲಿ ಕೇಳಿ ತಿಳಿದುಕೊಳ್ಳಬೇಕು. ಮಾಂಸವಿಲ್ಲದ ತಿನಿಸುಗಳಲ್ಲಿಯೂ ಮೊಟ್ಟೆ ಹಾಕುವ ರೂಢಿಯುಂಟು.

ಮಗನಿಗೆ ಮೊಣಕಾಲಿನ ಸಂಗತಿಯನ್ನು ಆಕೆಯೇ ದೂರವಾಣಿಯಲ್ಲಿ ಹೇಳಿದಳು. ಅವನು ನಿರೀಕ್ಷಿಸಿದಂತೆಯೇ, ‘ಹಾಗಾದರೆ ನಾನೂ ಬರುತ್ತೇನೆ, ಕಾರಿನಲ್ಲಿಯೇ ಹೋಗೋಣ’ ಎಂದನು. ಆಕೆ ಶಾಂತವಾಗಿ, ವೈದ್ಯರು ಹೇಳಿದ್ದನ್ನೂ, ಲಿಫ್ಟ್ ಇರುವುದನ್ನೂ, ತುರ್ತಿಗೆ 112ಕ್ಕೆ ಕರೆಮಾಡಬೇಕೆಂಬುದನ್ನೂ, ದಿನವೂ ಸಂಜೆ ತಾನು ಮಾತನಾಡುವೆನೆಂಬುದನ್ನೂ ಒಂದೊಂದಾಗಿ ಹೇಳಿದಳು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮ್ಯೂನಿಕ್ ನಿಲ್ದಾಣಕ್ಕೆ ಎಷ್ಟು ಗಂಟೆಗೆ ಬರಲಿ?’ ಎಂದು ಕೇಳಿದನು. ನನಗೆ ಆ ಪ್ರಶ್ನೆಯಿಂದ ಆದ ಸಂತೋಷ ಅಷ್ಟಿಷ್ಟಲ್ಲ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಲವರು ಈಗ ನಿಮ್ಮ ತಂದೆತಾಯಿಗಳಿಗಾಗಿ ಟಿಕೆಟ್ಟು, ಕೋಣೆ ಎಲ್ಲವನ್ನೂ ಗೊತ್ತುಮಾಡುವ ವಯಸ್ಸಿಗೆ ಬಂದಿದ್ದೀರಿ. ಒಳ್ಳೆಯ ಹೋಟೆಲನ್ನು ಆರಿಸುವ ಮೊದಲು ಅವರ ಪಕ್ಕದಲ್ಲಿ ಕುಳಿತು, ಎಷ್ಟು ಮೆಟ್ಟಿಲು ಇಳಿಯಬಲ್ಲಿರಿ, ರಾತ್ರಿ ಎಷ್ಟು ಸಲ ಏಳುತ್ತೀರಿ, ಎಷ್ಟು ದೂರ ನಡೆದರೆ ಕುಳಿತುಕೊಳ್ಳಬೇಕೆನಿಸುತ್ತದೆ ಎಂದು ಕೇಳಿರಿ. ಕೇಳುವಾಗ, ಉತ್ತರ ಏನೇ ಬಂದರೂ ಪ್ರಯಾಣ ನಿಲ್ಲುವುದಿಲ್ಲವೆಂದು ಮೊದಲೇ ಮಾತು ಕೊಡಿರಿ. ಆಗ ಅವರು ನಿಜವನ್ನು ಹೇಳುತ್ತಾರೆ.

ಹಿಮ ಸಿಕ್ಕಿತೇ, ಬೆಂಕಿ ಕಂಡಿತೇ ಎಂಬುದನ್ನು ಊರಿಗೆ ಮರಳಿದ ಮೇಲೆ ಬರೆಯುತ್ತೇನೆ. ಎಲ್ಲರಿಗೂ ಶುಭವಾಗಲಿ.